‘ಕುಡಿದ್ರೂ ಗೋಲ್ ಹೊಡೀತಾನಲ್ಲ’ ಅನ್ನೋರಿಗೆ ಏನು ಹೇಳಲಿ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 23 ವರ್ಷ. ಎಡಗಾಲಿನ ಫುಟ್‌ಬಾಲ್ ಆಟಗಾರ, ಮೈದಾನದ ಅಂಚಿನಲ್ಲಿ, ಅಂದರೆ ವಿಂಗ್‌ನಲ್ಲಿ ಆಡುತ್ತಾನೆ. ಕೆಜಿಎಫ್‌ನಲ್ಲಿ ಅವನ ಆಟ ನೋಡೋಕೇ ಜನ ಸೇರುತ್ತಾರೆ. ಬೆಂಗಳೂರಿನ ಒಂದು ಕ್ಲಬ್ ಕರೆದು ಆಡಿಸುತ್ತಿತ್ತು. ಆದರೆ ವಾರಕ್ಕೆ ನಾಲ್ಕೈದು ರಾತ್ರಿ ಒಂದು ಕ್ವಾರ್ಟರ್ ಆಗಲೇಬೇಕು. ಟೂರ್ನಿ ಗೆದ್ದ ದಿನ ಲೆಕ್ಕವೇ ಇಲ್ಲ. ಬೆಳಗಿನ ರೈಲು ಎರಡು ಸಲ ತಪ್ಪಿತು. ಮೂರನೇ ಸಲ ಕ್ಲಬ್‌ನವರು ಇನ್ನು ಬರಬೇಡ ಅಂದರು. ಬೈದರೆ ‘ಜಾರ್ಜ್ ಬೆಸ್ಟ್ ಕುಡೀತಿರ್ಲಿಲ್ವಾ ಅಕ್ಕಾ?’ ಅಂತಾನೆ. ಅಮ್ಮ ಯಾರೋ ಕೊಟ್ಟ ‘ಕುಡಿತ ಬಿಡಿಸೋ ಪುಡಿ’ಯನ್ನು ಸಾರಿಗೆ ಹಾಕೋಣ ಅಂತಿದ್ದಾರೆ. ಹಾಕಬಹುದಾ?
– ಹೆಸರು ಬೇಡ, ಬಂಗಾರಪೇಟೆ

ಉತ್ತರ: ಮೊದಲು ಪುಡಿ ವಿಷಯ. ಹಾಕಬೇಡಿ. ಇಂಥ ಪೊಟ್ಟಣದ ಮೇಲೆ ಒಳಗೇನಿದೆ ಅಂತ ಬರೆದಿರೋದೇ ಅಪರೂಪ. ಡೈಸಲ್ಫಿರಾಮ್ ಅನ್ನೋ ಮಾತ್ರೆಯನ್ನು ಪುಡಿ ಮಾಡಿ ಬೆರೆಸಿದ್ದರಂತೂ ಇನ್ನೂ ಕಷ್ಟ. ಆ ಔಷಧಿ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ. ಜೀವ ಹೋಗಿದ್ದೂ ಇದೆ. ಅದನ್ನು ನಾವು ಕೊಡುತ್ತೇವೆ, ಆದರೆ ಕುಡಿಯುವವನಿಗೆ ಎಲ್ಲ ಹೇಳಿ, ಅವನು ಒಪ್ಪಿದ ಮೇಲೆ. ಇನ್ನೊಂದು ಮಾತು. ಸಾರಿನಲ್ಲಿ ಏನೋ ಇದೆ ಅಂತ ಗೊತ್ತಾದ ದಿನದಿಂದ ಅವನು ಮನೆಯಲ್ಲಿ ಊಟ ಮಾಡೋದೇ ಬಿಡುತ್ತಾನೆ. ಆಮೇಲೆ ಬಾರ್ ಪಕ್ಕದ ಕಬಾಬ್ ಗಾಡಿಯೇ ಅವನ ಅಡುಗೆಮನೆ.

ಈಗ ಜಾರ್ಜ್ ಬೆಸ್ಟ್. ನಿಮ್ಮ ತಮ್ಮ ಅರ್ಧ ಕತೆ ಹೇಳಿದ್ದಾನೆ. ನಾನು ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದವನು, ಸುಮಾರಾಗಿಯೇ ಆಡುತ್ತಿದ್ದೆ ಅನ್ನಿ. ಇನ್ನರ್ಧ ಹೇಳೋಕೆ ನನಗೂ ಖುಷಿ.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಹುಡುಗ. 17ನೇ ವಯಸ್ಸಿಗೆ, 1963ರಲ್ಲಿ, ಇಂಗ್ಲೆಂಡಿನ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಡಿದ. 1968ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಬೆನ್‌ಫಿಕಾ ಗೋಲ್‌ಕೀಪರನ್ನು ಸುತ್ತಿ ದಾಟಿ ಗೋಲು ಹೊಡೆದ. ಅದೇ ವರ್ಷ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಸಿಕ್ಕಿತು. ಆಗ ಅವನಿಗೆ ಬರೀ 22. ನಿಮ್ಮ ತಮ್ಮನಿಗಿಂತ ಒಂದು ವರ್ಷ ಚಿಕ್ಕವನು. ಇಲ್ಲಿಯವರೆಗಿನ ಕತೆ ಎಲ್ಲರಿಗೂ ಗೊತ್ತು. ಆಮೇಲೆ? 1971ರ ಜನವರಿಯಲ್ಲಿ ಚೆಲ್ಸಿ ವಿರುದ್ಧದ ಪಂದ್ಯಕ್ಕೆ ಲಂಡನ್ನಿಗೆ ಹೋಗಬೇಕಿತ್ತು. ರೈಲು ತಪ್ಪಿಸಿಕೊಂಡ. ಹೌದು, ಅವನಿಗೂ ರೈಲೇ. ಕ್ಲಬ್ ಎರಡು ವಾರ ಹೊರಗಿಟ್ಟಿತು. ಯುನೈಟೆಡ್‌ಗೆ ಕೊನೆಯ ಪಂದ್ಯ ಆಡಿದ್ದು 1974ರ ಜನವರಿ 1ರಂದು, 27ನೇ ವಯಸ್ಸಿಗೆ. ಆಮೇಲೆ ಊರೂರು ಅಲೆದು ಆಡಿದ, ಹಳೆಯ ಬೆಸ್ಟ್ ಮಾತ್ರ ಕಾಣಲಿಲ್ಲ. ವಿಶ್ವಕಪ್ ಒಂದನ್ನೂ ಆಡಲಿಲ್ಲ. ಅದಕ್ಕೆ ಕುಡಿತ ಒಂದೇ ಕಾರಣ ಅಲ್ಲ, ಉತ್ತರ ಐರ್ಲೆಂಡ್ ಚಿಕ್ಕ ತಂಡ. 2002ರಲ್ಲಿ ಲಿವರ್ ಬದಲಿಸಿದರು. ಆಮೇಲೂ ಕುಡಿದ. 2005ರಲ್ಲಿ ತೀರಿಕೊಂಡಾಗ 59 ವರ್ಷ. ಬ್ರೆಜಿಲ್‌ಗೆ 1962ರ ವಿಶ್ವಕಪ್ ಗೆದ್ದುಕೊಟ್ಟ ಗರಿಂಚಾ ಕೂಡ ಕುಡಿತಕ್ಕೆ ಬಿದ್ದವನೇ, ಅಷ್ಟೂ ಬದುಕಲಿಲ್ಲ, 49ಕ್ಕೇ ಹೋದ.

ಅಂದರೆ ಬೆಸ್ಟ್ ಚೆನ್ನಾಗಿ ಆಡಿದ್ದು ಕುಡಿತದಿಂದಲ್ಲ. ಅವನ ಪ್ರತಿಭೆ ದೊಡ್ಡದಿತ್ತು, ಅದಕ್ಕೇ ಕುಡಿತ ಕೆಲವು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಸಾಧಾರಣ ಆಟಗಾರ ಕುಡಿದರೆ ಎರಡೇ ವಾರದಲ್ಲಿ ಕೋಚ್‌ಗೆ ಗೊತ್ತಾಗುತ್ತದೆ. ಕೈಚಳಕ, ಕ್ಷಮಿಸಿ, ಕಾಲ್ಚಳಕ ಇರುವವನದು ಗೊತ್ತಾಗೋದು ತಡ. ಹಾಗಾಗಿ ಭಾನುವಾರದ ಗೋಲು ಎಣಿಸಬೇಡಿ. ಸೋಮವಾರ ಬೆಳಿಗ್ಗೆ ಅಭ್ಯಾಸಕ್ಕೆ ಹೋದನಾ? ಕೊನೆಯ 20 ನಿಮಿಷ ವಾಪಸ್ ಓಡಿ ಬಂದು ಡಿಫೆಂಡರ್‌ಗೆ ಕೈ ಜೋಡಿಸಿದನಾ? ಉಳುಕಿದ ಕಾಲು ಎಷ್ಟು ದಿನಕ್ಕೆ ಸರಿಹೋಯಿತು? ಅದನ್ನು ನೋಡಿ.

ಒಂದು ಕ್ವಾರ್ಟರ್ ಲೆಕ್ಕ ಹಾಕೋಣ. 180 ಮಿಲಿ, ಶೇ 42.8 ಆಲ್ಕೋಹಾಲ್. ತೂಕದಲ್ಲಿ ಸುಮಾರು 60 ಗ್ರಾಂ. ಲಿವರ್ ಗಂಟೆಗೆ ಏಳರಿಂದ ಹತ್ತು ಗ್ರಾಂ ಕರಗಿಸುತ್ತದೆ, ಅಷ್ಟೇ. ಮಜ್ಜಿಗೆ ಕುಡಿದರೂ, ತಣ್ಣೀರು ಸುರಿದುಕೊಂಡರೂ ಆ ವೇಗ ಜಾಸ್ತಿ ಆಗಲ್ಲ. ರಾತ್ರಿ ಹನ್ನೊಂದಕ್ಕೆ ಮುಗಿಸಿದವನ ರಕ್ತದಲ್ಲಿ ಬೆಳಿಗ್ಗೆ ಐದೂವರೆಗೂ ಒಂದಿಷ್ಟು ಉಳಿದಿರಬಹುದು. ಲಿವರ್ ಇಡೀ ರಾತ್ರಿ ಅದೇ ಕೆಲಸದಲ್ಲಿರುತ್ತದೆ. ಓಡೋಕೆ ಬೇಕಾದ ಸಕ್ಕರೆ ಕೂಡಿಡೋದು, ಪಂದ್ಯದಲ್ಲಿ ದಣಿದ ಸ್ನಾಯು ರಿಪೇರಿ, ಎರಡೂ ಹಿಂದೆ ಬೀಳುತ್ತವೆ. ಮೂತ್ರ ಜಾಸ್ತಿ ಹೋಗಿ ಮೈ ಒಣಗುತ್ತದೆ. ನಿದ್ದೆ ಬೇಗ ಬರುತ್ತದೆ, ಆದರೆ ಅರ್ಧರಾತ್ರಿಯಿಂದ ಚೂರುಚೂರು. ರೈಲು ತಪ್ಪೋದು ಸೋಮಾರಿತನಕ್ಕಲ್ಲ.

ನಮ್ಮ ಕಡೆ ಇನ್ನೊಂದು ಕಾಟ ಇದೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಸಾವಿರಾರು ಜನಕ್ಕೆ ಬೆಂಗಳೂರಿನ ರೈಲೇ ಅನ್ನ. ಫುಟ್‌ಬಾಲ್ ಆಡೋ ಹುಡುಗನಿಗೂ ಮುಂದಿನ ಮೆಟ್ಟಿಲು ಅದೇ ರೈಲಿನ ಆ ತುದಿಯಲ್ಲಿದೆ. ಊರಿನ ಟೂರ್ನಿಯಲ್ಲಿ ಮಾತ್ರ ಗೆದ್ದ ಹುಡುಗರಿಗೆ ಕಪ್ಪಿನ ಜೊತೆ ‘ಪಾರ್ಟಿ’ ಕೊಡಿಸುವ ಅಣ್ಣಂದಿರು ಸಿಗುತ್ತಾರೆ. ಬೂಟು ಕೊಡಿಸೋರು ಸಿಗೋದು ಕಮ್ಮಿ. ‘ಕುಡಿದ್ರೂ ಗೋಲ್ ಹೊಡೀತಾನಲ್ಲ’ ಅನ್ನೋರು ಇವರೇ ತಾನೇ? ಅವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಗೆದ್ದ ರಾತ್ರಿ ಅವನನ್ನು ಮನೆಗೆ ಕರೆದುಕೊಂಡು ಬರೋ ಒಬ್ಬ ಗೆಳೆಯನನ್ನು ಹಿಡಿಯಿರಿ, ಸಾಕು.

ತಮ್ಮನಿಗೆ ಆಟಗಾರನ ಕತೆಯೇ ಬೇಕಾದರೆ ಟೋನಿ ಆಡಮ್ಸ್ ಕತೆ ಹೇಳಿ. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನ ನಾಯಕ. ಕುಡಿದು ಕಾರು ಓಡಿಸಿ ಜೈಲಿಗೂ ಹೋಗಿದ್ದ. 1996ರಲ್ಲಿ, ಇನ್ನೂ 30 ತುಂಬುವ ಮೊದಲು, ನಾನು ಕುಡುಕ, ನನಗೆ ಸಹಾಯ ಬೇಕು ಅಂತ ತಂಡದವರ ಮುಂದೆಯೇ ಒಪ್ಪಿಕೊಂಡ. ಬಿಟ್ಟ. ಅದೇ ಕ್ಲಬ್‌ನ ನಾಯಕನಾಗಿ 1998ರಲ್ಲಿ ಮತ್ತು 2002ರಲ್ಲಿ ಲೀಗ್, ಎಫ್‌ಎ ಕಪ್ ಎರಡನ್ನೂ ಗೆದ್ದ. ಈ ಕತೆ ಬಾರಲ್ಲಿ ಯಾರೂ ಹೇಳಲ್ಲ ನೋಡಿ.

ಒಂದು ಎಚ್ಚರಿಕೆ. ಛಲಕ್ಕೆ ಬಿದ್ದು ‘ಇವತ್ತಿಂದ ಮುಟ್ಟಲ್ಲ’ ಅಂತ ಮನೆಯಲ್ಲೇ ಒಮ್ಮೆಲೇ ನಿಲ್ಲಿಸೋದು ಬೇಡ. ಕುಡಿಯದ ದಿನ ಬೆಳಿಗ್ಗೆ ಕೈ ನಡುಗುತ್ತದಾ, ಬೆವರುತ್ತಾನಾ ಗಮನಿಸಿ. ಹಾಗಿದ್ದರೆ ನಿಲ್ಲಿಸಿದ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಏನೇನೋ ಕಂಡಂತೆ ಮಾತಾಡಬಹುದು. ಆಗ ಕಾಯಬೇಡಿ, ಸೀದಾ ಆಸ್ಪತ್ರೆಗೆ. ವೈದ್ಯರ ಕಣ್ಗಾವಲಿನಲ್ಲಿ ಬಿಟ್ಟರೆ ಇದಕ್ಕೆಲ್ಲ ಔಷಧಿ ಇದೆ. ಕುಡಿಯೋ ಆಸೆ ಕಮ್ಮಿ ಮಾಡುವ ಮಾತ್ರೆಗಳೂ ಇವೆ.

ಕೋಲಾರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬೆಂಗಳೂರಿಗೇ ಹೋಗೋದಾದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಅವನು ಬರಲ್ಲ ಅಂದರೆ ನೀವೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನ ಹತ್ತಿರ ಮಾತು ತೆಗೆಯೋದು ಕುಡಿಯದ ಬೆಳಿಗ್ಗೆ. ಸೋತ ದಿನ ಬೇಡ, ಗೆದ್ದ ರಾತ್ರಿ ಬೇಡವೇ ಬೇಡ. ‘ನಿನ್ನ ಮಾನ ಹೋಯ್ತು’ ಅನ್ನೋದಕ್ಕಿಂತ ‘ಆ ಎರಡು ರೈಲು ಯಾಕೆ ತಪ್ಪಿತು ಹೇಳು’ ಅಂತ ಕೇಳಿ.

ಮೊದಲ ಸಲ ನೀವೂ ಜೊತೆಗೆ ಹೋಗಿ. ಅಮ್ಮ ತಂದಿರುವ ಪೊಟ್ಟಣವನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ಈಗಾಗಲೇ ಒಂದೆರಡು ಚಮಚ ಸಾರಿಗೆ ಬಿದ್ದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿಬಿಡಿ, ಅಮ್ಮನನ್ನು ಯಾರೂ ಬೈಯಲ್ಲ.