ಶಾಲಾ ಆಪ್ತಸಮಾಲೋಚಕರು ಶಾಸಕರ ಹತ್ತಿರ ಹೋಗಿ ಮಾತಾಡಿದರೆ ಪ್ರಯೋಜನ ಇದೆಯಾ?

ಇದೆ. ಆದರೆ ‘ಹುದ್ದೆ ಕೊಡಿ, ಸಂಬಳ ಜಾಸ್ತಿ ಮಾಡಿ’ ಅಂತ ಶುರು ಮಾಡಬೇಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಊಟ ಬಿಟ್ಟು ನಿಮ್ಮ ಬಾಗಿಲಲ್ಲಿ ಬಂದು ನಿಲ್ಲುವ ಹುಡುಗಿಯ ಕಥೆ ಹೇಳಿ, ಹೆಸರು ಬೇಡ, ಎರಡು ನಿಮಿಷ ಸಾಕು. ಆಮೇಲೆ ಲೆಕ್ಕ: ಅಮೆರಿಕದ ಶಾಲಾ ಸಮಾಲೋಚಕರ ಸಂಘ 250 ಮಕ್ಕಳಿಗೆ ಒಬ್ಬರು ಇರಬೇಕು ಅನ್ನುತ್ತದೆ. ನಿಮ್ಮಲ್ಲಿ ಎಷ್ಟು ಮಕ್ಕಳಿಗೆ ಒಬ್ಬರು?

ಬೆಂಗಳೂರಿನಲ್ಲಿ ನಾನಾದರೆ ಮೊದಲು ವಿಧಾನ ಪರಿಷತ್ ಸದಸ್ಯರನ್ನು ಹಿಡಿಯುತ್ತೇನೆ. ಅಲ್ಲಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು, ಅಂದರೆ ಶಿಕ್ಷಕರೇ ಮತ ಹಾಕಿ ಆರಿಸುವಂಥವು. ಅಲ್ಲಿಂದ ಗೆದ್ದವರಿಗೆ ಶಾಲೆಯ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಸುಮ್ನೆ ಮನವಿ ಪತ್ರ ಕೊಟ್ಟು ಫೋಟೊ ತೆಗೆಸಿಕೊಂಡು ಬಂದರೆ ಅದು ಫೈಲಿಗೆ ಸೇರುತ್ತದೆ, ಅಷ್ಟೆ. ಸದನದಲ್ಲಿ ಅವರಿಂದ ಚುಕ್ಕೆ ಗುರುತಿನ ಪ್ರಶ್ನೆ ಕೇಳಿಸಿ, ಅದಕ್ಕೆ ಸಚಿವರು ಸದನದಲ್ಲೇ ಬಾಯಿಮಾತಲ್ಲಿ ಉತ್ತರ ಕೊಡಬೇಕಾಗುತ್ತದೆ. ಬಜೆಟ್‌ಗೆ ಮುಂಚೆಯೇ ಹೋಗಿ, ಆಮೇಲೆ ಹೋದರೆ ‘ದುಡ್ಡಿಲ್ಲ’ ಅಂತಾರೆ.