ಗದಗಿನ ಅಣ್ಣಾರ ಪ್ರಶ್ನೆಗೆ: ನೆಟ್‌ಬೀನ್ಸ್ 8.2ರಿಂದ ಹೊಸದಕ್ಕ ಬರೋದು, ಕನ್ನಡ ಫಾರ್ಮ್ ಕೆಡದಂಗ

ನಮಸ್ಕಾರ್ರಿ ಅಣ್ಣಾರ. ನಿನ್ನೆ ರಾತ್ರಿ ನೀವು ಹಾಕಿದ ಪ್ರಶ್ನೆ ಓದಿದೆ. ಅಪ್ಪಾವ್ರ ದಲಾಲಿ ಅಂಗಡಿಗೆ ಅಂತ ನೀವೇ 2017ರಾಗ ನೆಟ್‌ಬೀನ್ಸ್ 8.2 (ಜಾವಾ ಭಾಷಾದಾಗ ಪ್ರೋಗ್ರಾಂ ಬರಿಯೋ ತಂತ್ರಾಂಶ), ಜಾವಾ 8 ಇಟ್ಕೊಂಡು ಕಟ್ಟಿದ ಬಿಲ್ಲಿನ ಪ್ರೋಗ್ರಾಂ. ಹೊಸ ಲ್ಯಾಪ್‌ಟಾಪಿಗೆ ಹಾಕಿದ ಮ್ಯಾಲೆ ಅಕ್ಷರ ಇರುವಿಯಂಗ ಸಣ್ಣ ಕಾಣ್ತಾವ, ರೈತರ ಹೆಸರಿನ ಜಾಗಾದಾಗ ಪ್ರಶ್ನಾರ್ಥಕ ಚಿಹ್ನಿ ಬೀಳ್ತಾವ, ಒಂದು ಫಾರ್ಮ್ (ಪರದಿ ಮ್ಯಾಲಿನ ಪುಟ) ಅಂತೂ ಅದನ್ನ ಎಳದು ಕೂಡಿಸಿ ಕಟ್ಟೋ ಡಿಸೈನರ್‌ನಾಗ ತೆರೀವಲ್ದು. ಹೊಸ ಅಪಾಚೆ ನೆಟ್‌ಬೀನ್ಸಿಗೆ ಹೋಗ್ಲೋ, ಬ್ಯಾರೆ ಡಿಸೈನರ್ ಹಿಡೀಲೋ, ಹೊಸದ್ರಾಗ ಏನೇನು ಬಂದೈತಿ ಅಂತ ಕೇಳೀರಿ. ನಾನು ಹುಬ್ಬಳ್ಳಿ ಅಮರಗೋಳ ಎಪಿಎಂಸಿ ಯಾರ್ಡಿನಾಗ ಎರಡು ಅಂಗಡಿಗೆ ಇಂಥಾವೇ ಪ್ರೋಗ್ರಾಂ ನೋಡ್ಕೊಳ್ತೀನಿ. ಹೋದ ವರ್ಷ ಎರಡನ್ನೂ ಹೊಸದಕ್ಕ ತಂದೀನಿ. ಅದ್ರಾಗ ಕಂಡದ್ದನ್ನ ಇಲ್ಲಿ ಬರೀತೀನಿ, ಸ್ವಲ್ಪ ಉದ್ದ ಆಗ್ತೈತಿ.

ಹೋಗ್ರಿ, ಆದ್ರ ನೆಟ್‌ಬೀನ್ಸ್ ಬಿಡಬ್ಯಾಡ್ರಿ. ಡಿಸೈನರ್‌ನಾಗ ಹೊಸ ಗುಂಡಿ ಏನು ಬಂದಾವು ಅಂತ ಹುಡುಕಿದ್ರ ಮಾತ್ರ ನಿಮಗ ನಿರಾಸೆ ಆಗ್ತೈತಿ. ಲೇಬಲ್ ಎಳದು ತಂದು ಇಡೋದು, ಗೆರಿಗೆ ಗೆರಿ ಕೂಡಿಸೋದು, ಇದೆಲ್ಲಾ 2006ರಾಗ ನೆಟ್‌ಬೀನ್ಸ್ 5.0 ಜೊತಿ 'ಮಟೀಸ್' ಅನ್ನೋ ಹೆಸರಿಲೆ ಬಂದಾಗ ಹೆಂಗಿತ್ತೋ ಬಹುಪಾಲು ಹಂಗೇ ಐತಿ. ಹಳೇ ಫಾರ್ಮ್ ಫೈಲ್ ಹೊಸದ್ರಾಗ ತೆರೀತಾವ. ನಿಮ್ಮ ತೊಂದ್ರಿ ತೀರಿಸೋ ಸುಧಾರಣಿ ಬಂದದ್ದು ಅದರ ಕೆಳಗಿನ ಜಾವಾದಾಗ. 8.2 ಒರಾಕಲ್ ಕಂಪನಿ ಬಿಟ್ಟ ಕಡೇ ಆವೃತ್ತಿ, ಜಾವಾ 8ರ ಕಾಲದ್ದು. ಆಮ್ಯಾಲೆ ನೆಟ್‌ಬೀನ್ಸ್ ಅಪಾಚೆ ಸಂಸ್ಥೆಗೆ ಹೋತು, 2019ರಾಗ ಅಲ್ಲಿ ಪೂರ್ಣ ಪ್ರಾಜೆಕ್ಟ್ ಆತು, ಈಗ ವರ್ಷಕ್ಕ ನಾಕು ಸಲ ಹೊಸ ಆವೃತ್ತಿ ಬರ್ತೈತಿ. ಈಗಿನ ಆವೃತ್ತಿ ಓಡಾಕ ಜಾವಾ 17 ಅಥವಾ ಅದಕ್ಕಿಂತ ಮ್ಯಾಲಿಂದು ಬೇಕು. ನೀವು ನೇರ 21 ಹಾಕ್ರಿ. ಯಾಕ 21 ಅನ್ನೋದು ಕನ್ನಡದ ವಿಷಯ ಬಂದಾಗ ಹೇಳ್ತೀನಿ.

ಅಕ್ಷರ ಸಣ್ಣ ಕಾಣೋದಕ್ಕ ನಿಮ್ಮ ಫಾರ್ಮಿನ ತಪ್ಪಿಲ್ಲ. ಹೊಸ ಲ್ಯಾಪ್‌ಟಾಪಿನ ಪರದಿ ದಟ್ಟ ಇರ್ತೈತಿ, ವಿಂಡೋಸ್ ಅದನ್ನ 125 ಇಲ್ಲಾ 150 ಪರ್ಸೆಂಟ್ ಹಿಗ್ಗಿಸಿ ತೋರಸ್ತೈತಿ. ಜಾವಾ 8ರ ಸ್ವಿಂಗ್‌ಗೆ (ಪರದಿ ಮ್ಯಾಲೆ ಕಿಟಕಿ, ಗುಂಡಿ ಬರಿಯೋ ಜಾವಾದ ಭಾಗ) ಆ ಹಿಗ್ಗಿಸೋದು ತಿಳಿಯಂಗಿಲ್ಲ, 16 ಪಿಕ್ಸೆಲ್ ಅಂದ್ರ 16 ಪಿಕ್ಸೆಲ್ಲೇ ಬರೀತೈತಿ. ಕಂಪ್ಯಾಟಿಬಿಲಿಟಿ ಒಳಗ ಹೋಗಿ ಸ್ಕೇಲಿಂಗ್ ಬದಲಿಸಿದ್ರ ದೊಡ್ಡದಾಗ್ತೈತಿ, ಆದ್ರ ಮಂಜ ಮಂಜ. ಅಪ್ಪಾವ್ರ ವಯಸ್ಸಿನವರಿಗೆ ಸಣ್ಣ ಅಕ್ಷರಕ್ಕಿಂತ ಅದೇ ಹೆಚ್ಚು ತ್ರಾಸು. 2017ರಾಗ ಬಂದ ಜಾವಾ 9ರಿಂದ ಸ್ವಿಂಗ್ ತಾನೇ ಈ ಲೆಕ್ಕ ಹಿಡದು ಬರೀತೈತಿ. ಒಂದು ಸಾಲೂ ಬದಲಿಸದ ನಿಮ್ಮ ಹಳೇ ಜಾರ್ ಫೈಲನ್ನ (ಪ್ರೋಗ್ರಾಂ ಕಟ್ಟಿಟ್ಟ ಗಂಟು) ಜಾವಾ 21ರಾಗ ಓಡಿಸಿ ನೋಡ್ರಿ, ಅಕ್ಷರ ಸ್ವಚ್ಛ ಬರ್ತಾವ. ಗುಂಡಿ ಮ್ಯಾಲಿನ ಚಿತ್ರ ಮಾತ್ರ ಮಸಕಾಗ್ತಾವ. ಅದಕ್ಕ ದೊಡ್ಡ ಅಳತಿ ಚಿತ್ರಾನೂ ಕೂಡಿಸಬೇಕು, ಈಗೇ ಅವಸರ ಇಲ್ಲ.

ಇನ್ನ ಕನ್ನಡ. ಇಲ್ಲಿ ನಿಧಾನ ಹೋಗೋಣು, ಯಾಕಂದ್ರ ಮಂದಿ ಮೂರು ಬ್ಯಾರೆ ಬ್ಯಾರೆ ರೋಗಕ್ಕ ಒಂದೇ ಔಷಧ ಹುಡುಕ್ತಾರ.

ಪ್ರಶ್ನಾರ್ಥಕ ಚಿಹ್ನಿ ಬಂತು ಅಂದ್ರ ಎನ್‌ಕೋಡಿಂಗ್ (ಅಕ್ಷರವನ್ನ ಅಂಕಿಯಾಗಿ ಉಳಿಸೋ ಪದ್ಧತಿ) ತಪ್ಪೈತಿ. ಜಾವಾ 8 ವಿಂಡೋಸ್‌ನ ಹಳೇ ಕೋಡ್‌ಪೇಜ್ (ಅಕ್ಷರಪಟ್ಟಿ) ಹಿಡದು ಫೈಲ್ ಓದ್ತೈತಿ, ಬರೀತೈತಿ. ಆ ಕೋಡ್‌ಪೇಜಿನಾಗ ಕನ್ನಡಕ್ಕ ಜಾಗಾನೇ ಇಲ್ಲ, ಹಂಗಾಗಿ ಒಂದೊಂದು ಅಕ್ಷರಕ್ಕ ಒಂದೊಂದು ಪ್ರಶ್ನಾರ್ಥಕ ಹಾಕಿ ಕೈ ತೊಳಕೊಳ್ತೈತಿ. ಹಳೇ ಕಂಪ್ಯೂಟರಿನಾಗ ಯಾಕ ಸರಿ ಇತ್ತು ಅಂತ ಕೇಳೀರಿ. ಅಲ್ಲಿನ ಶಾರ್ಟ್‌ಕಟ್ ಮ್ಯಾಲೆ ಬಲಗಡೆ ಒತ್ತಿ ಟಾರ್ಗೆಟ್ ಸಾಲು ಪೂರಾ ಓದ್ರಿ. ಫೈಲ್ ಡಾಟ್ ಎನ್‌ಕೋಡಿಂಗ್ ಯುಟಿಎಫ್-8 (ಕನ್ನಡಾನೂ ಹಿಡಿಯೋ ಎನ್‌ಕೋಡಿಂಗ್) ಅಂತ ಒಂದು ತುಣುಕು ಇದ್ರ ಅದೇ ಕಾರಣ. ಹೊಸ ಶಾರ್ಟ್‌ಕಟ್ ಮಾಡುವಾಗ ಅದು ಬಿಟ್ಟುಹೋಗಿರ್ತೈತಿ. ನನ್ನ ಎರಡನೇ ಅಂಗಡ್ಯಾಗ ಬರೋಬ್ಬರಿ ಇದೇ ಆಗಿತ್ತು, ಹುಡುಕಾಕ ಎರಡು ದಿನ ಹೋತು. 2022ರಾಗ ಬಂದ ಜಾವಾ 18ರಿಂದ ಯುಟಿಎಫ್-8 ತಾನಾಗೇ ಇರ್ತೈತಿ, ಶಾರ್ಟ್‌ಕಟ್‌ನಾಗ ಏನೂ ಬರೀಬೇಕಿಲ್ಲ. ಅದಕ್ಕ 17 ಬಿಟ್ಟು 21 ಅಂದೆ. ಆದ್ರ ಇವತ್ತೇ ಒಂದು ಕೆಲಸ ಮಾಡ್ರಿ: ಹೊಸ ಲ್ಯಾಪ್‌ಟಾಪಿನಾಗ ರೈತರ ಹೆಸರು ತುಂಬೋದು ನಿಲ್ಲಸ್ರಿ. ತೋರಿಸುವಾಗಷ್ಟೇ ಪ್ರಶ್ನಾರ್ಥಕ ಆದ್ರ ಹೆಸರು ಒಳಗ ಸುರಕ್ಷಿತ ಇರ್ತೈತಿ, ಉಳಿಸುವಾಗ ಆದ್ರ ಒಳಗೂ ಪ್ರಶ್ನಾರ್ಥಕಾನೇ ಕೂಡ್ತೈತಿ. ಅದ್ರಿಂದ ಹೆಸರು ವಾಪಸ್ ತಗಿಯೋ ದಾರಿ ಯಾವುದೂ ಇಲ್ಲ. ಮಾಹಿತಿ ಇಡಾಕ ಮೈಎಸ್‌ಕ್ಯೂಎಲ್ ಇದ್ರ ಟೇಬಲ್ ಯುಟಿಎಫ್-8ಎಂಬಿ4 ಐತೋ, ಕನ್ನಡ ಹಿಡಿಯದ ಲ್ಯಾಟಿನ್-1 ಐತೋ ಅದನ್ನೂ ನೋಡ್ರಿ.

ಎರಡನೇದು, ಪ್ರಶ್ನಾರ್ಥಕ ಅಲ್ಲ, ಅರ್ಥ ಇಲ್ಲದ ಲ್ಯಾಟಿನ್ ಅಕ್ಷರದ ರಾಶಿ. ಇದು ಬಂಡಲ್ ಪ್ರಾಪರ್ಟೀಸ್ ಫೈಲಿನ್ಯಾಗ (ಪರದಿ ಮ್ಯಾಲಿನ ಮಾತು ಬರೆದಿಡೋ ಫೈಲ್) ಕನ್ನಡ ಬರೆದವರಿಗೆ ಕಾಣ್ತೈತಿ. 'ಹತ್ತಿ' ಶಬ್ದ ತಗೊಳ್ರಿ. ಕಂಪ್ಯೂಟರಿಗೆ ಅದು ಹ, ತ, ಹಲಂತ, ತ, ಗುಡಿಸು ಅಂತ ಐದು ಸಂಕೇತ. ಯುಟಿಎಫ್-8ರಾಗ ಒಂದೊಂದಕ್ಕ 3 ಬೈಟ್, ಒಟ್ಟು 15. ಜಾವಾ 8 ಪ್ರಾಪರ್ಟೀಸ್ ಫೈಲನ್ನ ಒಂದು ಬೈಟಿಗೆ ಒಂದು ಅಕ್ಷರ ಅಂತ ಓದ್ತೈತಿ, ಹಂಗಾಗಿ ಎರಡಕ್ಷರದ ಹತ್ತಿ 15 ಚೂರಾಗಿ ಪರದಿ ತುಂಬ ಚೆಲ್ತೈತಿ. ಜಾವಾ 9ರಿಂದ ರಿಸೋರ್ಸ್ ಬಂಡಲ್ ಫೈಲನ್ನ ಯುಟಿಎಫ್-8 ಅಂತಾನೇ ಓದ್ತೈತಿ. ಹಿಂದ ಬ್ಯಾಕ್‌ಸ್ಲ್ಯಾಶ್-ಯು ಹಾಕಿ ಸಂಕೇತದಾಗ ಬರೆದಿಟ್ಟ ಸಾಲು ಇದ್ರ ಅವೂ ನಡೀತಾವ, ತಿದ್ದಬ್ಯಾಡ್ರಿ.

ಮೂರನೇದು ಖಾಲಿ ಚೌಕಡಬ್ಬಿ. ಇದು ಫಾಂಟಿನ ಮಾತು. ಡಿಸೈನರ್‌ನಾಗ ಅಕ್ಷರ ದೊಡ್ಡದು ಮಾಡಾಕ ಫಾಂಟ್ ಪ್ರಾಪರ್ಟಿ ಬದಲಿಸಿದ್ರ ಅದು ಸುಮ್ಮನ ಟಹೋಮಾ ಅಂತ ಹೆಸರು ಬರದು ಬಿಡ್ತೈತಿ. ಟಹೋಮಾದಾಗ ಕನ್ನಡ ಅಕ್ಷರ ಇಲ್ಲ. ವಿಂಡೋಸ್ 8ರಿಂದ ಈಚೆ ನಿರ್ಮಲಾ ಯುಐ ಇರ್ತೈತಿ, ಅದನ್ನ ಹಾಕಬಹುದು. ನಾನು ನೋಟೋ ಸ್ಯಾನ್ಸ್ ಕನ್ನಡವನ್ನ ಪ್ರೋಗ್ರಾಂ ಜೊತಿಗೇ ಕಟ್ಟಿ, ಶುರುವಿನಾಗೇ ಲೋಡ್ ಮಾಡ್ಕೊಳ್ತೀನಿ, ಬ್ಯಾರೆ ಕಂಪ್ಯೂಟರಿಗೆ ಹೋದ್ರೂ ಅದೇ ಅಕ್ಷರ ಬರ್ತೈತಿ. ಮತ್ತ, ಒತ್ತಕ್ಷರ ಕೂಡಿಸೋ ಕೆಲಸಕ್ಕ ಜಾವಾ 9ರಿಂದ ಹಾರ್ಫ್‌ಬಜ್ ಬಂದೈತಿ. ನನ್ನ ಅಂಗಡ್ಯಾಗ ಮೊದಲು ಅಡ್ಡಾದಿಡ್ಡಿ ಬೀಳೋ ಒತ್ತು ಈಗ ಜಾಗಾಕ್ಕ ಕೂಡ್ತಾವ. ಹಳೇ 'ನುಡಿ' ತಂತ್ರಾಂಶದ ಅಕ್ಷರದಾಗ ತುಂಬಿದ ಮಾಹಿತಿ ಇದ್ರ ಮಾತ್ರ ಮೊದಲ ಯೂನಿಕೋಡಿಗೆ ಪರಿವರ್ತನಿ ಮಾಡ್ರಿ, ಅದನ್ನ ಜಾವಾ ಸರಿ ಮಾಡಂಗಿಲ್ಲ.

ಇಷ್ಟೆಲ್ಲಾ ಆದ ಮ್ಯಾಲೂ ಒಂದು ತಪ್ಪು ಉಳೀತೈತಿ, ಅದನ್ನ ನನಗ ತೋರಿಸಿದಾವ ಒಬ್ಬ ರೈತ. ಅಂಗಡ್ಯಾಗ ಕೌಂಟರಿನ ಈಚೆ ನಿಂತು ಪರದಿ ನೋಡಿ, "ಸಾಹುಕಾರ್ರ, ಇಲ್ಲಿ 'ಹತಿ' ಅಂತ ಬರದೈತಲ್ರಿ" ಅಂದ. ಹತ್ತಿರ ಹೋಗಿ ನೋಡಿದ್ರ ಹೌದು, ಹತ್ತಿಯ ತ-ಒತ್ತು ಇಲ್ಲ. ಮೆಣಸಿನಕಾಯಿ ಜಾತಿ 'ಡಬ್ಬಿ' ಅನ್ನೋದು 'ಡಬಿ' ಆಗಿತ್ತು. ಜೆಟೇಬಲ್‌ನ (ಸ್ವಿಂಗ್‌ನ ಪಟ್ಟಿ) ಸಾಲಿನ ಎತ್ತರ ಮೊದಲಿಂದ 16 ಪಿಕ್ಸೆಲ್, ಅದು ಒತ್ತಕ್ಷರ ಇಲ್ಲದ ಭಾಷಾಕ್ಕ ಸಾಕಾಗ್ತೈತಿ. ನಮ್ಮ ಒತ್ತು ಗೆರಿ ಕೆಳಗ ಇಳೀತಾವ, ಅಲ್ಲಿ ಕತ್ತರಿಸಿ ಹೋಗ್ತಾವ. ಡಿಸೈನರ್‌ನಾಗ ಟೇಬಲ್ ಆರಿಸಿ ರೋ ಹೈಟ್ 28 ಇಲ್ಲಾ 30 ಮಾಡ್ರಿ. ರೈತರು ಓದೋ ಪರದಿ ಅದು, ಅವರ ಮಾಲಿನ ಹೆಸರು ಅದ್ರಾಗ ಪೂರಾ ಇರಬೇಕು. ಇದೇ ಕಾರಣಕ್ಕ ಲೇಬಲ್ ಅಗಲ ಕೈಲೆ ಎಳದು ಗಟ್ಟಿ ಮಾಡಿದ್ರ 'ಒಟ್ಟು ತೂಕ' ಅನ್ನೋದು ಅರ್ಧಾ ಆಗಿ ಮೂರು ಚುಕ್ಕಿ ಬೀಳ್ತಾವ. ಲೇಬಲ್ ಮ್ಯಾಲೆ ಬಲಗಡೆ ಒತ್ತಿ ಸೆಟ್ ಡಿಫಾಲ್ಟ್ ಸೈಜ್ ಅನ್ರಿ, ಮಾತಿನ ಉದ್ದಕ್ಕ ತಕ್ಕಂಗ ಅದು ತಾನೇ ಅಗಲ ಆಗ್ತೈತಿ. ಇದು ಫ್ರೀ ಡಿಸೈನ್ ಲೇಔಟಿನಾಗ ನಡಿಯೋ ಮಾತು. ಕಾಲೇಜಿನಾಗ ಕಲ್ತವರು ಸಸಾರ ಅಂತ ಆಬ್ಸಲ್ಯೂಟ್ ಇಲ್ಲಾ ನಲ್ ಲೇಔಟ್ ಹಾಕಿರ್ತಾರ. ಅದ್ರಾಗ ಫಾಂಟ್ ಬದಲಾದ್ರ ಒಂದ್ರ ಮ್ಯಾಲೊಂದು ಬೀಳ್ತಾವ. ಅಂಥ ಫಾರ್ಮ್ ಇದ್ರ ಕೂತು ಫ್ರೀ ಡಿಸೈನಿಗೆ ಬದಲಿಸ್ರಿ, ಒಂದು ಫಾರ್ಮಿಗೆ ಅರ್ಧಾ ತಾಸು ಹಿಡೀಬಹುದು.

ತೆರೀದ ಫಾರ್ಮಿನ ಬಗ್ಗೆ. ನೀವು ಹಾಕಿದ ಫೋಟೋದಾಗ ದಿನಾಂಕ ಆರಿಸೋ ಡಬ್ಬಿ ಕಾಣ್ತೈತಿ, ಅದು ಜೆಡೇಟ್‌ಚೂಸರ್ ಇರಬೇಕು. ಅದು ಜಾವಾದ್ದಲ್ಲ, ಜೆಕ್ಯಾಲೆಂಡರ್ ಅನ್ನೋ ಬ್ಯಾರೆ ಜಾರ್ ಫೈಲಿಂದು. ಹಳೇ ಕಂಪ್ಯೂಟರಿನಾಗ ಅದು ಯಾವುದೋ ಡೌನ್‌ಲೋಡ್ಸ್ ಫೋಲ್ಡರ್‌ನಾಗ ಕೂತಿರ್ತೈತಿ, ಪ್ರಾಜೆಕ್ಟ್ ಜೊತಿ ಬಂದಿರಂಗಿಲ್ಲ. ಡಿಸೈನರ್ ತಪ್ಪು ತೋರಿಸಿ 'ನೋಡೋದಷ್ಟೇ' ಮಾಡ್ತೀರೋ 'ತಿದ್ತೀರೋ' ಅಂತ ಕೇಳಿದ್ರ, ದಯಮಾಡಿ ನೋಡೋದಷ್ಟೇ ಒತ್ರಿ. ತಿದ್ತೀನಿ ಅಂತ ಹೋಗಿ ಉಳಿಸಿದ್ರ, ಅದಕ್ಕ ಗುರುತು ಸಿಗದ ಭಾಗ ಫೈಲಿಂದ ಅಳಿಸಿ ಹೋಗಬಹುದು. ಮೊದಲ ಜಾರ್ ಫೈಲ್ ಪ್ರಾಜೆಕ್ಟಿನ ಲೈಬ್ರರಿಗೆ ಕೂಡಿಸ್ರಿ, ಬಿಲ್ಡ್ ಮಾಡ್ರಿ, ಆಮ್ಯಾಲೆ ಫಾರ್ಮ್ ತೆರೀರಿ.

ಇನ್ನೊಂದು ನನಗ ಭಾಳ ಸಂಕಟ ಕೊಟ್ಟದ್ದು. ಒಂದು ಅಂಗಡ್ಯಾಗ ಸಂತಿ ಹಿಂದಿನ ರಾತ್ರಿ ಹಮಾಲಿ ದರದ ಲೆಕ್ಕ ಅವಸರಕ್ಕ ನೋಟ್‌ಪ್ಯಾಡಿನಾಗ ತಿದ್ದಿದ್ದೆ. ತಿದ್ದಿದ ಜಾಗಾ ಇನಿಟ್‌ಕಾಂಪೊನೆಂಟ್ಸ್ (ಫಾರ್ಮ್ ಕಟ್ಟೋ ಕೋಡ್) ಒಳಗಿಂದು, ನೆಟ್‌ಬೀನ್ಸ್‌ನಾಗ ಬೂದು ಬಣ್ಣದಾಗ ಕಾಣೋ ಭಾಗ. ಮುಂದಿನ ವಾರ ಡಿಸೈನರ್‌ನಾಗ ಒಂದು ಗುಂಡಿ ಸರಿಸಿ ಉಳಿಸಿದೆ, ನನ್ನ ತಿದ್ದುಪಡಿ ಪೂರಾ ಹೋತು. ನಾಕು ದಿನ ಹಳೇ ದರದಾಗ ಬಿಲ್ ಹರಿದಾವ, ಹಮಾಲರಿಗೆ ಕಡಿಮಿ ಬಂದ ರೊಕ್ಕ ಲೆಕ್ಕ ಹಾಕಿ ಒಬ್ಬೊಬ್ಬರಿಗೆ ಕೊಡಿಸಿದ್ವಿ. ಆ ಭಾಗವನ್ನ ಡಿಸೈನರ್ ಪ್ರತಿ ಸಲ ಡಾಟ್ ಫಾರ್ಮ್ ಫೈಲ್ ನೋಡಿ ಹೊಸದಾಗಿ ಬರೀತೈತಿ. ಡಾಟ್ ಫಾರ್ಮ್, ಡಾಟ್ ಜಾವಾ ಎರಡೂ ಫೈಲ್ ಜೋಡಿ ಎತ್ತು ಇದ್ದಂಗ, ಒಂದನ್ನ ಬಿಟ್ಟು ಒಂದನ್ನ ನಕಲು ಮಾಡಬ್ಯಾಡ್ರಿ, ಹೊರಗಿಂದ ಹೆಸರು ಬದಲಿಸಬ್ಯಾಡ್ರಿ. ಅಲ್ಲಿ ಏನರ ಕೂಡಿಸಲೇಬೇಕಂದ್ರ ಪ್ರಾಪರ್ಟೀಸ್ ಪಕ್ಕದ ಕೋಡ್ ಪುಟದಾಗ ಪೋಸ್ಟ್-ಕ್ರಿಯೇಶನ್ ಕೋಡ್ ಅಂತ ಜಾಗಾ ಐತಿ. ದಲಾಲಿ, ಹಮಾಲಿ, ಸೂಟ್ (ಕಡಿತ) ಇವುಗಳ ಲೆಕ್ಕ ಅಂತೂ ಫಾರ್ಮಿನಾಗ ಇರಲೇಬಾರದು, ಬ್ಯಾರೆ ಕ್ಲಾಸಿಗೆ ಒಯ್ರಿ.

ಹೊಸ ನೆಟ್‌ಬೀನ್ಸ್ ಹೊಸ ಪ್ರಾಜೆಕ್ಟಿಗೆ ಮೇವನ್ (ಪ್ರೋಗ್ರಾಂ ಬಿಲ್ಡ್ ಮಾಡೋ ಸಾಧನ) ಮುಂದ ಮಾಡ್ತೈತಿ. ನಿಮ್ಮ ಹಳೇ ಆಂಟ್ (ಅಂಥದೇ ಹಳೇ ಸಾಧನ) ಪ್ರಾಜೆಕ್ಟ್ ಹಂಗೇ ನಡೀತೈತಿ, ಈಗ ಬದಲಿಸೋ ಗರಜಿಲ್ಲ. ಮುಂದ ಯಾವಾಗರ ಬದಲಿಸಿದ್ರ ಚಿತ್ರ ಮತ್ತ ಬಂಡಲ್ ಫೈಲ್ ರಿಸೋರ್ಸಸ್ ಫೋಲ್ಡರಿಗೆ ಒಯ್ರಿ. ಜಾವಾ ಫೈಲ್ ಪಕ್ಕದಾಗ ಇಟ್ರ ಮೇವನ್ ಅವನ್ನ ಜಾರ್ ಒಳಗ ಹಾಕಂಗಿಲ್ಲ.

ನೋಟ ಸ್ವಲ್ಪ ಹೊಸದು ಬೇಕಂದ್ರ ಫ್ಲಾಟ್‌ಲಾಫ್ ಅನ್ನೋ ಸ್ವಿಂಗ್ ನೋಟದ ಲೈಬ್ರರಿ ಹಾಕ್ರಿ. ಪುಕ್ಕಟೆ, ಅಪಾಚೆ ಲೈಸೆನ್ಸ್. ನೆಟ್‌ಬೀನ್ಸ್ ಪ್ರತಿ ಫ್ರೇಮಿನ ಮೇನ್ ಒಳಗ ನಿಂಬಸ್ ಅನ್ನೋ ಹಳೇ ನೋಟ ಹುಡುಕಿ ಹಾಕೋ ತುಣುಕು ಬರದಿರ್ತೈತಿ, ಅದನ್ನ ತಗೀರಿ. ಫ್ಲಾಟ್‌ಲಾಫ್ ಸೆಟಪ್ ಸಾಲು ಮೊದಲನೇ ಫ್ರೇಮ್ ಹುಟ್ಟೋದಕ್ಕಿಂತ ಮೊದಲ ಬರಬೇಕು.

ಬ್ಯಾರೆ ಡಿಸೈನರ್ ಕೇಳಿದ್ರಿ. ಜೆಫಾರ್ಮ್‌ಡಿಸೈನರ್ ಚಲೋ ಐತಿ, ಫ್ಲಾಟ್‌ಲಾಫ್ ಮಾಡಿದವ್ರದೇ, ನೆಟ್‌ಬೀನ್ಸ್ ಫಾರ್ಮನ್ನ ತನ್ನ ರೂಪಕ್ಕ ಬದಲಿಸಿಕೊಳ್ತೈತಿ, ಆದ್ರ ರೊಕ್ಕ ಕೊಡಬೇಕು. ನೆಟ್‌ಬೀನ್ಸ್‌ನಂಥದೇ ಎಕ್ಲಿಪ್ಸ್‌ನ ವಿಂಡೋಬಿಲ್ಡರ್ 2010ರಾಗ ಗೂಗಲ್ ಕೊಂಡು ಎಕ್ಲಿಪ್ಸಿಗೆ ದಾನ ಕೊಟ್ಟದ್ದು. ಅದಕ್ಕ ಬ್ಯಾರೆ ಫಾರ್ಮ್ ಫೈಲೇ ಇಲ್ಲ, ಜಾವಾ ಕೋಡನ್ನೇ ಓದಿ ಚಿತ್ರ ತಗೀತೈತಿ. ಹೊಸದಾಗಿ ಶುರು ಮಾಡೋರಿಗೆ ನಾನು ಅದನ್ನೇ ಹೇಳ್ತೀನಿ. ಇಂಟೆಲಿಜೆ ಅನ್ನೋ ಇನ್ನೊಂದು ತಂತ್ರಾಂಶದ ಡಿಸೈನರ್ ಫೈಲೂ ಡಾಟ್ ಫಾರ್ಮ್ ಅಂತಾನೇ ಇರ್ತೈತಿ. ಹೆಸರು ನೋಡಿ ಮೋಸ ಹೋಗಬ್ಯಾಡ್ರಿ, ಒಂದ್ರದು ಒಂದಕ್ಕ ತೆರಿಯಂಗಿಲ್ಲ. ಜಾವಾಎಫ್‌ಎಕ್ಸ್ (ಸ್ವಿಂಗ್ ಬದಲಿಗೆ ಬಳಸೋದು), ಅದರ ಡಿಸೈನರ್ ಸೀನ್ ಬಿಲ್ಡರ್ ಕಡೆ ಹೋದ್ರ ಪ್ರೋಗ್ರಾಂ ಪೂರಾ ಹೊಸದಾಗಿ ಬರೀಬೇಕು. ನಡಿಯೋ ಅಂಗಡಿಗೆ ಅದು ಬ್ಯಾಡ.

ಕೆಲಸ ಯಾರ್ಡಿಗೆ ಸೂಟಿ ಇರೋ ದಿನ ಮಾಡ್ರಿ. ಪ್ರಾಜೆಕ್ಟ್ ಫೋಲ್ಡರ್ ಪೂರಾ ಒಂದು ಪೆನ್‌ಡ್ರೈವಿಗೆ, ಮಾಹಿತಿಯ ಬ್ಯಾಕಪ್ ಇನ್ನೊಂದಕ್ಕ. ಹಳೇ ಕಂಪ್ಯೂಟರ್ ಮುಟ್ಟಬ್ಯಾಡ್ರಿ, ಎರಡು ವಾರ ಬಿಲ್ ಅದ್ರಾಗೇ ಹರೀಲಿ. ಹೊಸದ್ರಾಗ ಜಾವಾ 21 ಹಾಕಿ, ಹಳೇ ಜಾರ್ ಓಡಿಸಿ, ಒಂದು ಸುಳ್ಳು ಬಿಲ್ ಮಾಡ್ರಿ. ಮಾಲಿನ ಹೆಸರು 'ಹತ್ತಿ', ರೈತನ ಹೆಸರಿನಾಗ ಒಂದು 'ಕ್ಷ' ಒಂದು 'ರ್ಯ' ಬರೋಹಂಗ ಹಾಕಿ ಉಳಿಸ್ರಿ, ಪ್ರೋಗ್ರಾಂ ಮುಚ್ಚಿ ಮತ್ತ ತೆರೀರಿ, ಆಮ್ಯಾಲೆ ಪ್ರಿಂಟ್ ತಗೀರಿ. ಆ ಪ್ರಿಂಟಿನ ಫೋಟೋ ಮತ್ತ ತೆರೀದ ಫಾರ್ಮ್ ತೋರಿಸೋ ತಪ್ಪಿನ ಫೋಟೋ ಎರಡೂ ಇಲ್ಲೇ ಹಾಕ್ರಿ, ಸಂಜಿ ಏಳರ ಮ್ಯಾಲೆ ನಾನು ನೋಡ್ತೀನಿ.