ಬಟ್ಟೆ ಒಗೆಯೋ ಕಲ್ಲಿಗೂ ಅನುದಾನ ಬೇಕಾ?

ಮೇಷ್ಟ್ರೇ, ನಮಸ್ಕಾರ. ತುಮಕೂರು ಜಿಲ್ಲೆಯ ಹಳೇ ಗುಡಿ, ಕೋಟೆ, ಶಾಸನಗಳಿಗೆ ಸರ್ಕಾರ ಬಜೆಟ್‌ನಲ್ಲಿ ಬೇರೆ ದುಡ್ಡು ಇಡ್ಬೇಕು ಅಂತ ಹೋದ ಸಂಚಿಕೇಲಿ ಬರೆದಿದ್ದಕ್ಕೆ ಗುಬ್ಬಿ ಕಡೆಯಿಂದ ನೀವು ನಾಲ್ಕು ಪುಟ ಬರ್ದಿದ್ದೀರ, ಬೈದಿದ್ದೀರ ಅಂದ್ರೂ ತಪ್ಪಿಲ್ಲ. "ನಮ್ಮೂರ ಶಾಲೆ ಸೋರ್ತಿದೆ, ಬೋರ್‌ವೆಲ್ ಬತ್ತಿದೆ, ನಿಮಗೆ ಕಲ್ಲಿನ ಚಿಂತೆ. ನಮ್ಮ ಕೆರೆ ಹತ್ರ ಬಟ್ಟೆ ಒಗೆಯೋದೇ ವೀರಗಲ್ಲಿನ ಮೇಲೆ, ಅದಕ್ಕೂ ಅನುದಾನ ಕೊಡಿಸ್ತೀರಾ?" ಅಂತ ಕೇಳಿದ್ದೀರ.

ಕೊಡಿಸ್ಬೇಕು ಅಂತಾನೇ ನನ್ನ ವಾದ. ಆದ್ರೆ ನೀವು ಅಂದ್ಕೊಂಡಷ್ಟು ದೊಡ್ಡ ದುಡ್ಡಲ್ಲ ಅದು.

ನಮ್ಮೂರಿನ ಗುಡಿ ಕತೆ ಹೇಳ್ತೀನಿ. ನಾನು ಚಿಕ್ಕೋನಾಗಿದ್ದಾಗಿಂದ ಅದಕ್ಕೊಂದು ಪೈಸೆ ಬಂದಿರ್ಲಿಲ್ಲ, ಆದ್ರೂ ಗಟ್ಟಿಯಾಗೇ ಇತ್ತು. ಒಂದ್ಸಲ ಅನುದಾನ ಬಂತು ನೋಡಿ, ಬಂದಿದ್ದು ಜನವರೀಲಿ, ಮಾರ್ಚ್ 31ರೊಳಗೆ ಖರ್ಚಾಗ್ಬೇಕು, ಕಂಟ್ರಾಕ್ಟರ್ ಬಂದೋನೇ ಹಳೇ ಗಾರೆ ಕಿತ್ತು ಸಿಮೆಂಟ್ ಮೆತ್ತಿದ, ನೆಲಕ್ಕೆ ಟೈಲ್ಸ್, ಕಂಬಕ್ಕೆ ಆಯಿಲ್ ಪೇಂಟ್, ಎಲ್ರೂ ಚಪ್ಪಾಳೆ ಹೊಡೆದ್ವಿ, ನಾನೂ ಹೊಡೆದೆ. ಎರಡು ಮಳೆಗಾಲ ಕಳೆಯೋದ್ರೊಳಗೆ ಗೋಡೆ ಬೆವರೋಕೆ ಶುರುವಾಯ್ತು, ಕಲ್ಲಿನ ಮೈ ಹಪ್ಪಳದ ಥರ ಏಳ್ತು. ಸುಣ್ಣದ ಗಾರೆ ಉಸಿರಾಡುತ್ತೆ, ಒಳಗಿನ ತೇವ ಹೊರಗೆ ಬಿಡುತ್ತೆ, ಸಿಮೆಂಟ್ ಬಿಡಲ್ಲ. ಆ ತೇವದ ಜೊತೆ ಉಪ್ಪು ಸೇರ್ಕೊಂಡು ಕಲ್ಲನ್ನೇ ತಿನ್ನುತ್ತೆ. ಗಾರೆ ಕೆಲಸಕ್ಕೆ ಸುಣ್ಣ ಅರಳಿಸಿ ವಾರಗಟ್ಟಲೆ ನೆನೆಸ್ಬೇಕು, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರೀಬೇಕು, ಒಂದು ಪದರ ಒಣಗಿದ್ಮೇಲೇ ಇನ್ನೊಂದು. ಅದಕ್ಕೆ ಮಾರ್ಚ್ 31 ಗೊತ್ತಿಲ್ಲ! ನಾವು ಕೇಳ್ತಿರೋದು ಮೊದಲು ಇದನ್ನೇ, ವರ್ಷ ಮುಗಿದ್ರೂ ವಾಪಸ್ ಹೋಗದಿರೋ ದುಡ್ಡು, ಮತ್ತೆ ಕಮ್ಮಿ ರೇಟು ಹಾಕಿದವನಿಗೇ ಕೆಲಸ ಅನ್ನೋ ಟೆಂಡರ್ ಬದಲು ಗಾರೆ ಕೆಲಸ ಬಲ್ಲವನಿಗೆ ಕೆಲಸ.

ಎರಡನೇದು ವರ್ಷಾ ವರ್ಷ ಸ್ವಲ್ಪ ಸ್ವಲ್ಪ. ಗೋಪುರದ ಸಂದೀಲಿ ಅರಳಿ ಸಸಿ ಹುಟ್ಟಿದಾಗ ಕೀಳೋಕೆ ಒಬ್ಬ ಆಳಿಗೆ ಅರ್ಧ ದಿನದ ಕೂಲಿ ಸಾಕು, ಹತ್ತು ವರ್ಷ ಬಿಟ್ರೆ ಬೇರು ಕಲ್ಲು ಸೀಳಿ ಲಕ್ಷಗಟ್ಟಲೆ ಎಸ್ಟಿಮೇಟ್ ಆಗುತ್ತೆ. ಲಕ್ಷದ ಫೈಲ್‌ಗೆ ಸಹಿ ಬೀಳುತ್ತೆ, ಅರ್ಧ ದಿನದ ಕೂಲಿಗೆ ಬಜೆಟ್‌ನಲ್ಲಿ ಖರ್ಚಿನ ಬಾಬ್ತೇ ಇಲ್ಲ. ನಿಮ್ಮ ಹೆಂಚಿನ ಶಾಲೇದೂ ಇದೇ ಕಾಯಿಲೆ ಅಲ್ವಾ ಮೇಷ್ಟ್ರೇ? ಒಡೆದ ಹೆಂಚು ಬದಲಾಯ್ಸೋಕೆ ದುಡ್ಡು ಇರಲ್ಲ, ಕೆಡವಿ ಆರ್‌ಸಿಸಿ ಹಾಕೋಕೆ ಇರುತ್ತೆ. ಹಾಗಾಗಿ ನೀವೂ ನಾನೂ ಒಂದೇ ಕಡೆ ಇದ್ದೀವಿ.

ತಿಪಟೂರು ತಾಲೂಕಿನ ಅರಳಗುಪ್ಪೆ ಕಲ್ಲೇಶ್ವರನ ಗುಡಿ ಛತ್ತು ನೋಡಿದ್ದೀರಾ? ನಡುವೆ ಕುಣಿಯೋ ಶಿವ, ಸುತ್ತ ದಿಕ್ಪಾಲಕರು. ನಾನಂತೂ ಕತ್ತು ನೋವು ಬರೋವರೆಗೆ ನೋಡಿದ್ದೀನಿ. ಅದು, ಶಿರಾದಲ್ಲಿರೋ 1651ರ ಮಲಿಕ್ ರಿಹಾನ್ ಗೋರಿ, ಮಧುಗಿರಿ ಕೋಟೆ, ಇವೆಲ್ಲ ಕೇಂದ್ರದ ಪುರಾತತ್ವ ಇಲಾಖೆ ಕೈಲಿವೆ. ಇನ್ನೊಂದಿಷ್ಟನ್ನ ರಾಜ್ಯ ಸರ್ಕಾರ 1961ರ ಕಾಯ್ದೆ ಪ್ರಕಾರ ನೋಡ್ಕೊಳ್ಳುತ್ತೆ. ಕಷ್ಟ ಇರೋದು ಮುಜರಾಯಿಯ ಸಿ ಗ್ರೂಪ್ ಗುಡಿಗಳಿಗೆ, ವರ್ಷಕ್ಕೆ 5 ಲಕ್ಷನೂ ಆದಾಯ ಇಲ್ಲದವು. ಎಣ್ಣೆಬತ್ತಿಗೇ ಪರದಾಡೋ ಗುಡಿ ಸಂರಕ್ಷಣೆ ಬಲ್ಲ ಎಂಜಿನಿಯರ್‌ನ ಎಲ್ಲಿಂದ ತರುತ್ತೆ? ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಸರ್ಕಾರದ್ದು, ಊರವರದ್ದು, ತನ್ನದು ಅಂತ ದುಡ್ಡು ಸೇರಿಸಿ ಹಳೇ ದೇವಸ್ಥಾನ ರಿಪೇರಿ ಮಾಡಿಸ್ತಾ ಬಂದಿದೆ, ಒಳ್ಳೇದೇ, ಆದ್ರೆ ಒಂದು ಟ್ರಸ್ಟ್ ಎಷ್ಟು ಅಂತ ಮಾಡುತ್ತೆ.

ಒಂದು ಮಾತು ನಿಮ್ದೇ ಸರಿ. ಸ್ಮಾರಕದ ಪಕ್ಕದ ಬಡವರು ಒಂದು ಕಕ್ಕಸು ಕಟ್ಟೋಕೂ ಒದ್ದಾಡ್ತಾರೆ ಅಂದಿದ್ದೀರ. ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಾದ ತಿದ್ದುಪಡಿ ಪ್ರಕಾರ ಕೇಂದ್ರದ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದು ಕಟ್ಟಂಗಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ಹಳೇ ಮನೆ ರಿಪೇರಿಗೆ ಅರ್ಜಿ ಹಾಕ್ಬಹುದು, ಆದ್ರೆ ಆ ದಾರಿ ಊರಿನೋರಿಗೆ ಹೇಳೋರು ಯಾರು? ಒಂದೊಂದು ಸ್ಮಾರಕಕ್ಕೂ ಅದರದ್ದೇ ಬೈಲಾ, ಅಂದ್ರೆ ಸುತ್ತ ಏನು ಕಟ್ಬಹುದು ಅನ್ನೋ ನಿಯಮ, ಮಾಡಿ ಅಂತ ಅದೇ ಕಾಯ್ದೆ ಹೇಳುತ್ತೆ, ಅದನ್ನ ಮಾಡಿ ಮುಗಿಸಿ ಅಂತ ಸರ್ಕಾರವನ್ನ ಒತ್ತಾಯ ಮಾಡ್ಬೇಕು. ಊರಿನೋರು ಸ್ಮಾರಕಾನೇ ಶತ್ರು ಥರ ನೋಡೋಕೆ ಶುರು ಮಾಡಿದ್ರೆ ಯಾವ ಬೇಲಿನೂ ಅದನ್ನ ಕಾಯಲ್ಲ.

ಇನ್ನು ನಿಮ್ಮ ಬಟ್ಟೆ ಒಗೆಯೋ ಕಲ್ಲು. ಅದರಲ್ಲಿ ಅಕ್ಷರ ಏನಾದ್ರೂ ಇದ್ರೆ ಬಿ.ಎಲ್. ರೈಸ್ 1904ರಲ್ಲಿ ತಂದ ತುಮಕೂರು ಜಿಲ್ಲೆ ಶಾಸನ ಸಂಪುಟದಲ್ಲಿ ಇದ್ರೂ ಇರ್ಬಹುದು, ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹ ಮಾಲೆಯ 12ನೇದು, ತಾಲೂಕುವಾರು ಇದೆ, ನಿಮ್ಮೂರ ಹೆಸರು ಹುಡುಕಿ. ಫೋಟೋ ಕಳ್ಸಿ, ಮೇಲೆ ಸೀಮೆಸುಣ್ಣ ಮಾತ್ರ ಬಳೀಬೇಡಿ. ಕಲ್ಲನ್ನ ಶಾಲೆ ಅಂಗಳಕ್ಕೆ ಸಾಗಿಸಿ ನಿಲ್ಲಿಸೋಕೆ ಒಂದು ಟ್ರಾಕ್ಟರು, ನಾಲ್ಕು ಜನ, ಪಂಚಾಯ್ತಿದೊಂದು ಠರಾವು ಸಾಕು. ಗ್ರಾಮಸಭೆ ಯಾವತ್ತು ಅಂತ ತಿಳಿಸಿ, ನಾನೂ ಬರ್ತೀನಿ. ಅದಕ್ಕೂ ಮುಂಚೆ ಕೆರೆ ಹತ್ರ ಹೆಂಗಸರಿಗೆ ಬಟ್ಟೆ ಒಗೆಯೋಕೆ ಬೇರೆ ಒಳ್ಳೆ ಚಪ್ಪಡಿ ಹಾಕ್ಸಿ, ಇಲ್ದಿದ್ರೆ ನಮ್ಮಿಬ್ರನ್ನೂ ಕೆರೆಗೆ ತಳ್ತಾರೆ.

- ಸಂಪಾದಕ